ಬೈರನ ಸುತ್ತ ನೆಟ್ಟ ಹುಲ್ಲು

ಗಿಡಮರಗಳು ಇನ್ನೂ ಮನುಷ್ಯರ ಜೊತೆ ಮಾತು ಬಿಟ್ಟಿರದ ಕಾಲದಲ್ಲಿ ಎಲೆಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆ ತೋಟವನ್ನು ಬೈರ ಎಂಬ ಮಾಲಿಯೂ ಅವನ ತಂಗಿ ಪುಟ್ಟೀರಿಯೂ ನೋಡಿಕೊಳ್ಳುತ್ತಿದ್ದರು. ಅಪ್ಪ ಅಮ್ಮ ಇಲ್ಲದವರು. ಅಣ್ಣನಿಗೆ ತಂಗಿ, ತಂಗಿಗೆ ಅಣ್ಣ, ಅಷ್ಟೇ ಬಳಗ.

ಆ ರಾಜ್ಯದ ತೋಟಗಳಲ್ಲಿ ಎರಡು ಕಟ್ಟಳೆ ಇದ್ದವು. ಪಾತಿಯೊಳಗೆ ಯಾರೂ ಮೆಟ್ಟು ಹಾಕಿಕೊಂಡು ಬರಬಾರದು, ರಾಜನಾದರೂ ಸರಿಯೇ. ಇನ್ನೊಂದು, ಯಾವ ಗಿಡ ತರಬೇಕಾದರೂ ಮೊದಲು ಅದನ್ನು ಕೇಳಿಯೇ ತರಬೇಕು. ಹೆಣ್ಣು ಕೇಳುವುದಕ್ಕೆ ಹೋಗುವ ಹಾಗೆ ಅದರ ಹತ್ತಿರ ಹೋಗಿ, ಕೂತು, ಸಮಾಧಾನವಾಗಿ ಕೇಳಿ ಬರುತ್ತಿದ್ದರು.

ಹೀಗಿರುವಾಗ ಒಂದು ದಿನ ಶುಷ್ಕಾಂಗ ಎಂಬ ಮಾಂತ್ರಿಕ ತೋಟ ನೋಡಲು ಬಂದ. ಹೆಸರಿಗೆ ತಕ್ಕ ಆಸಾಮಿ, ಒಣ ಮೈ, ಒಣ ಮಾತು. ಕೈಯಲ್ಲಿ ಒಂದು ಮರದ ದಂಡ, ಕಾಲಲ್ಲಿ ಕಬ್ಬಿಣದ ಪಾದುಕೆ. ಪಾದುಕೆ ಸಮೇತ ಮಲ್ಲಿಗೆ ಪಾತಿಗೆ ಇಳಿದ. ದಯವಿಟ್ಟು ಮೆಟ್ಟು ಬಿಟ್ಟು ಬನ್ನಿ ಸ್ವಾಮಿ ಎಂದು ಬೈರ ಕೈಮುಗಿದ. ಅಷ್ಟಕ್ಕೇ ಆ ಪುಣ್ಯಾತ್ಮನಿಗೆ ಸಿಟ್ಟು ನೆತ್ತಿಗೇರಿತು. ದಂಡ ಎತ್ತಿದ. ಬೈರ ಕೈಮುಗಿದ ಹಾಗೆಯೇ ಕಲ್ಲಾಗಿ ನಿಂತ. ತೋಟದ ಹಸುರೆಲ್ಲ ಒಣಗಿ ಉದುರಿಹೋಯಿತು.

ಪುಟ್ಟೀರಿ ಓಡಿಬಂದು ಮಾಂತ್ರಿಕನ ಕಾಲು ಹಿಡಿದಳು. ರಾಜ ಮಣಿಕೇತುವೂ ಬಂದು ಬೇಡಿಕೊಂಡ. ಶುಷ್ಕಾಂಗನಿಗೆ ಪಂಥವೆಂದರೆ ಪ್ರಾಣ. ಅವನು ಹೇಳಿದ:

"ಈ ಕಲ್ಲಿನ ಸುತ್ತ ಯಾವುದಾದರೂ ಒಂದೇ ಒಂದು ಜಾತಿ ಗಿಡ ನೆಡು. ಮೂರನೆಯ ದಿನ ಹೊತ್ತು ಮುಳುಗುವಾಗ ಅದರಲ್ಲಿ ಕಾಳಿನಷ್ಟು ಹಸುರು ಉಳಿದಿದ್ದರೂ ನಿನ್ನಣ್ಣ ಏಳುತ್ತಾನೆ, ನನ್ನ ದಂಡವೂ ನಿನ್ನದು. ಉಳಿಯದಿದ್ದರೆ ಇವನ ಪಕ್ಕದಲ್ಲಿ ನೀನೂ ಕಲ್ಲಾಗಬೇಕು."

ಪುಟ್ಟೀರಿ ಒಪ್ಪಿಕೊಂಡಳು. ಒಪ್ಪದೆ ಇನ್ನೇನು ಮಾಡಿಯಾಳು? ಅಣ್ಣನಿಲ್ಲದ ಮನೆಗೆ ಹೋಗಿ ಯಾರಿಗೆ ಅನ್ನ ಬಡಿಸಿಯಾಳು?

ಏನು ನೆಡುವುದು ಎಂಬ ಯೋಚನೆ ಬಂತು. ಗುಡ್ಡದ ಮೇಲಿನ ಸೂಜಿಮರವೇ ಆಗಬೇಕು ಎಂದ ರಾಜ. ಎಲೆಯ ಬದಲು ಹಸುರು ಸೂಜಿ ಬಿಡುವ, ನೆಟ್ಟಗೆ ಬೆಳೆಯುವ ಆ ಮರವನ್ನು ಈಗ ನಾವು ಪೈನ್ ಅನ್ನುತ್ತೇವೆ. ರಾಜರಿಗೆ ಎತ್ತರದ್ದೇ ಇಷ್ಟ, ಬಿಡಿ. ಪುಟ್ಟೀರಿ ಗುಡ್ಡ ಹತ್ತಿ, ಸೂಜಿಮರದ ಬುಡದಲ್ಲಿ ಕೂತು, ನಡೆದದ್ದನ್ನೆಲ್ಲ ಹೇಳಿ ಬರುತ್ತೀಯಾ ಎಂದು ಕೇಳಿದಳು. ಮರ ಸ್ವಲ್ಪ ಹೊತ್ತು ಸುಯ್ಯೆಂದಿತು.

"ಮಗಳೇ, ನಾನು ಬೇಸಗೆ ಚಳಿ ಎರಡರಲ್ಲೂ ಹಸುರಾಗಿರುತ್ತೇನೆ. ಬಡಗಣ ಗಾಳಿ ತಡೆಯುತ್ತೇನೆ. ಆದರೆ ನಾನು ಬೇರೂರುವುದಕ್ಕೆ ವರ್ಷಗಳು ಬೇಕು. ನನ್ನ ಸಸಿ ಮೂರು ದಿನದಲ್ಲಿ ಏನು ತಡೆದೀತು? ನನ್ನ ಬುಡದಲ್ಲಿ ಸೂಜಿ ಉದುರಿ ಬೇರೇನೂ ಬೆಳೆಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿನಗೆ ಕಾಲ ಕೂಡಿ ಬಂದಾಗ ಕರೆ, ಬರುತ್ತೇನೆ."

ತನ್ನ ಕುಂದು ತಾನೇ ಹೇಳಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ? ಪುಟ್ಟೀರಿ ಮರಕ್ಕೆ ಕೈಮುಗಿದು ಇಳಿದು, ಊರ ದನ ಮೇಯುವ ಗೋಮಾಳಕ್ಕೆ ಹೋದಳು. ಅಲ್ಲಿಯ ಹುಲ್ಲಿನ ನಡುವೆ ಕೂತು ಅದನ್ನೇ ಕೇಳಿದಳು. ಹುಲ್ಲು ನಕ್ಕಿತು.

"ತಂಗೀ, ನನ್ನನ್ನು ದನ ಮೇಯುತ್ತದೆ, ಜನ ತುಳಿಯುತ್ತಾರೆ. ಮುನಿಸಿಕೊಂಡು ಕೂರಲು ನನಗೆ ಪುರುಸೊತ್ತೇ ಇಲ್ಲ. ಬರುತ್ತೇನೆ ನಡಿ. ನನಗೆ ಒಂದೇ ಭಯ, ಅದು ನಿನ್ನ ಕೈ."

ಇದೇನು ಹೀಗಂತು ಎಂದು ಪುಟ್ಟೀರಿಗೆ ತಿಳಿಯಲಿಲ್ಲ. ಬುಟ್ಟಿ ತುಂಬ ಬೇರುಸಹಿತ ಹುಲ್ಲು ತಂದು ಅಣ್ಣನ ಸುತ್ತ ಒತ್ತೊತ್ತಾಗಿ ನೆಟ್ಟು ನೀರೆರೆದಳು.

ಮೊದಲನೆಯ ದಿನ ಶುಷ್ಕಾಂಗ ಗಾಳಿಗೂಳಿಯನ್ನು ಬಿಟ್ಟ. ಅದು ಮೂಗಿನಿಂದ ಬಿರುಗಾಳಿ ಊದುತ್ತಾ ಬಂತು. ಅರಮನೆಯ ಹೆಂಚು ಹಾರಿದವು, ಗುಡ್ಡದ ಎಳೆ ಸಸಿಗಳು ಬುಡಮೇಲಾದವು. ಹುಲ್ಲು ನೆಲಕ್ಕೆ ಅಂಟಿ ಮಲಗಿತು. ಗೂಳಿ ಊದಿ ಊದಿ ಸುಸ್ತಾಗಿ ಹೋದ ಮೇಲೆ ಮೆಲ್ಲಗೆ ಎದ್ದು ನಿಂತಿತು.

ಎರಡನೆಯ ದಿನ ಬೆಂಕಿ ಉಡವನ್ನು ಬಿಟ್ಟ. ಅದು ಬರುವಾಗಲೇ ಬಾಯಾರಿ ತೋಟದ ಕೊಳವನ್ನು ಒಂದು ಹನಿ ಬಿಡದೆ ಕುಡಿಯಿತು. ಆಮೇಲೆ ಹುಲ್ಲಿನ ಮೇಲೆ ಹೊರಳಾಡಿತು. ಹುಲ್ಲು ಸುಟ್ಟು ಕರಕಲಾಯಿತು, ನೆಲ ಸುಟ್ಟ ಇಟ್ಟಿಗೆಯ ಹಾಗಾಯಿತು. ಪುಟ್ಟೀರಿ ಬೂದಿಯ ಮುಂದೆ ಕೂತು ಅತ್ತಳು. ಅತ್ತು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಸಂಜೆಯಾಗಿತ್ತು. ನೋಡುತ್ತಾಳೆ, ಬೂದಿಯ ನಡುವೆ ಹಸುರು ಮೊಳಕೆ. ಬೆಳಗಾಗುವಷ್ಟರಲ್ಲಿ ಗೇಣುದ್ದದ ಹುಲ್ಲು.

ಮೂರನೆಯ ದಿನ ಯಾವ ಮೃಗವೂ ಬರಲಿಲ್ಲ. ಬಿಸಿಲೇರಿದ ಮೇಲೆ ಒಬ್ಬ ಮುದುಕ ಬಂದ. ಬಿಳಿ ಗಡ್ಡ, ನೆಲ ಗುಡಿಸುವಷ್ಟು ಉದ್ದದ ಪಂಚೆ, ಬಾಯಿ ತುಂಬ ನಗು. ಪುಟ್ಟೀರಿಯ ಪಕ್ಕದಲ್ಲೇ ಕೂತು, ನಿನ್ನಪ್ಪನನ್ನು ನಾನು ಬಲ್ಲೆ ಎಂದ. ಬೈರ ಚಿಕ್ಕವನಿದ್ದಾಗ ಹೇಗಿದ್ದ, ಅವಳನ್ನು ಹೆಗಲ ಮೇಲೆ ಹೊತ್ತು ಹೇಗೆ ಓಡಾಡುತ್ತಿದ್ದ ಎಂದೆಲ್ಲ ಮಾತಿಗೆ ಎಳೆದ. ಎರಡು ದಿನದಿಂದ ಒಂಟಿಯಾಗಿ ಕೂತವಳಿಗೆ ಅಣ್ಣನ ಮಾತೆಂದರೆ ಸಾಕು. ಅವಳೂ ಹೇಳಿದಳು, ಹೇಳುತ್ತಲೇ ಇದ್ದಳು.

ನಿಮಗೆ ಗೊತ್ತಲ್ಲ, ಮಾಲಿಗಳ ಕೈ ಸುಮ್ಮನಿರುವುದಿಲ್ಲ. ಮಾತಾಡುತ್ತಾ ಕೂತರೂ ಕೈ ತನ್ನಷ್ಟಕ್ಕೆ ತಾನು ಹುಲ್ಲು ಕೀಳುತ್ತಿರುತ್ತದೆ. ಪುಟ್ಟೀರಿಯ ಕೈಯೂ ಅದೇ ಕೆಲಸ ಮಾಡಿತು. ಮುದುಕ ಕಲ್ಲಿನ ಸುತ್ತ ಮೆಲ್ಲಗೆ ಸರಿಯುತ್ತಾ ಹೋದ, ಅವಳೂ ಸರಿಯುತ್ತಾ ಹೋದಳು. ಒಂದು ಸುತ್ತು ಮುಗಿದಾಗ ಅವನು ಎದ್ದು ನಿಂತ. ಪಂಚೆಯ ಅಂಚಿನಲ್ಲಿ ಕಬ್ಬಿಣದ ಪಾದುಕೆ ಕಂಡಿತು.

ಪುಟ್ಟೀರಿ ತನ್ನ ಮಡಿಲು ನೋಡಿಕೊಂಡಳು. ಮಡಿಲ ತುಂಬ ಹುಲ್ಲು. ನೆಲದಲ್ಲಿ ಒಂದು ಎಸಳೂ ಇರಲಿಲ್ಲ. ಹುಲ್ಲು ಯಾಕೆ ಕೈಗೆ ಹೆದರಿತ್ತು ಎಂದು ಈಗ ತಿಳಿಯಿತು. ಶುಷ್ಕಾಂಗ ವೇಷ ಕಳಚಿ, ನನ್ನ ಮೃಗಗಳ ಕೈಲಿ ಆಗದ್ದನ್ನು ನೀನೇ ಮಾಡಿಕೊಟ್ಟೆ ತಾಯೀ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಪುಟ್ಟೀರಿ ಅಳಲು ಬಾಯಿ ತೆರೆದವಳು ತಟ್ಟನೆ ನಿಲ್ಲಿಸಿದಳು. ಮಡಿಲಿನಿಂದ ಒಂದು ಹುಲ್ಲು ಎತ್ತಿ ಬುಡದ ತುದಿ ನೋಡಿದಳು. ಇನ್ನೊಂದು ನೋಡಿದಳು. ಆಮೇಲೆ ಕಾಲು ಚಾಚಿ ಅಣ್ಣನ ಕಲ್ಲಿಗೆ ಒರಗಿ ಕೂತಳು.

"ಸ್ವಾಮೀ, ನೀವು ಯಾವತ್ತಾದರೂ ಕಳೆ ಕಿತ್ತಿದ್ದೀರಾ?"

"ನಾನೇಕೆ ಕೀಳಲಿ?"

"ಹಸಿ ನೆಲವಾದರೆ ಬೇರು ಸಮೇತ ಬರುತ್ತದೆ. ಒಣ ನೆಲದಲ್ಲಿ ಬರಿಗೈಲಿ ಕಿತ್ತರೆ ಬುಡದ ಹತ್ತಿರ ತುಂಡಾಗುತ್ತದೆ, ಬೇರು ನೆಲದಲ್ಲೇ ಉಳಿಯುತ್ತದೆ. ನೋಡಿ, ಇದರಲ್ಲಿ ಒಂದಕ್ಕೂ ಬೇರಿಲ್ಲ. ನೆಲ ಸುಟ್ಟು ಗಟ್ಟಿ ಮಾಡಿಕೊಟ್ಟವರು ನೀವೇ."

ಶುಷ್ಕಾಂಗನ ನಗು ಅಲ್ಲಿಗೇ ನಿಂತಿತು. ದಂಡ ಎತ್ತಲು ಹೋದ, ಏಳಲಿಲ್ಲ. ಹೊತ್ತು ಮುಳುಗುವವರೆಗೆ ಪಂಥದ ಮಾತು ಅವನನ್ನೂ ಕಟ್ಟಿಹಾಕಿತ್ತು. ಇಬ್ಬರೂ ನೆಲ ನೋಡುತ್ತಾ ಕೂತರು. ಬಿಸಿಲು ಹಳದಿಯಾಯಿತು, ಕೆಂಪಾಯಿತು. ಸೂರ್ಯ ಗುಡ್ಡಕ್ಕೆ ತಾಗುವ ಹೊತ್ತಿಗೆ ಬೈರನ ಕಲ್ಲಿನ ಪಾದದ ಹತ್ತಿರ ಸಾಸಿವೆಯಷ್ಟು ಹಸುರು ಇಣುಕಿತು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಸುತ್ತಲೂ.

ಬೈರ ಮುಗಿದ ಕೈ ಬಿಟ್ಟು ಉಸಿರೆಳೆದ. ತಂಗಿ ಅವನ ಹೆಗಲಿಗೆ ತಲೆಯಿಟ್ಟು ಈಗ ಮನಸಾರೆ ಅತ್ತಳು. ತೋಟದ ಮಲ್ಲಿಗೆಯೂ ಚಿಗುರಿತು.

ದಂಡ ಕಳೆದುಕೊಂಡ ಶುಷ್ಕಾಂಗ ಬರೀ ಮುದುಕನಾದ. ಉಡ ಕುಡಿದ ಕೊಳಕ್ಕೆ ನೀರು ಹೊತ್ತು ತುಂಬಿಸು ಎಂದು ರಾಜ ಅಪ್ಪಣೆ ಮಾಡಿದ. ಕಬ್ಬಿಣದ ಪಾದುಕೆ ಹಾಕಿಕೊಂಡು ಕೊಡ ಹೊರಲಾಗುತ್ತದೆಯೇ? ಅದನ್ನು ತೋಟದ ಬಾಗಿಲಲ್ಲೇ ಬಿಟ್ಟ. ಆ ದಂಡವೋ, ಸೂಜಿಮರದ ಕೊಂಬೆ. ನಿನ್ನನ್ನು ಎಲ್ಲಿ ನೆಡಲಿ ಎಂದು ಪುಟ್ಟೀರಿ ಅದನ್ನೇ ಕೇಳಿದಳು. ಹುಲ್ಲಿಗೆ ತೊಂದರೆಯಾಗದ ಹಾಗೆ ಬಡಗಣ ಅಂಚಿಗೆ ನೆಡು ಎಂದಿತು. ವರ್ಷಗಳು ಹೋದ ಮೇಲೆ ಅದು ಎತ್ತರದ ಮರವಾಗಿ ಗಾಳಿ ತಡೆಯಿತು, ನಡುವೆ ಹುಲ್ಲು ಹಾಸಿಕೊಂಡಿತು, ಎಲೆಗಿರಿಯ ಜನರೆಲ್ಲ ಬರಿಗಾಲಲ್ಲಿ ಬಂದು ಅಲ್ಲಿ ಕೂತು ತಂಪಾಗಿ ಬಾಳಿದರು.

ಅಣ್ಣ ತಂಗಿಯೂ ಸಂಜೆ ಅಲ್ಲೇ ಕೂತು ಮಾತಾಡುತ್ತಿದ್ದರು. ಮಾತಿನ ನಡುವೆ ಪುಟ್ಟೀರಿಯ ಕೈ ಮೆಲ್ಲಗೆ ಹುಲ್ಲಿನತ್ತ ಹೋಗುತ್ತಿತ್ತು. ಬೈರ ಆ ಕೈ ಹಿಡಿದುಕೊಂಡು ಕೂರುತ್ತಿದ್ದ.