ಕ್ವಾರಿ ಇಳಿಜಾರಿನ ಹಾರ್ನ್

"ನನ್ನ ಗಂಡ ಹಾರ್ನ್ ಹಾಕಿದ್ದು ನಿಜ ಸಾರ್. ಆದ್ರೆ ಆ ಹುಡುಗನ ಜೀವ ತೆಗೆದಿಲ್ಲ."

ಮೆಟ್ಟಿಲು ಹತ್ತಿ ಬಂದ ಹೆಂಗಸು ಕೂರುವ ಮೊದಲೇ ಆಡಿದ ಮಾತು ಇದು. ಮೈದುನ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿಕೊಟ್ಟ. ಭಾವ ಓದುತ್ತಿದ್ದ ಪೇಪರನ್ನು ಮಡಚಿಟ್ಟರು. ವಿಮಾ ಕಂಪನಿಗಾಗಿ ನುಜ್ಜುಗುಜ್ಜಾದ ವಾಹನಗಳನ್ನು ನೋಡಿ ನೋಡಿಯೇ ಅವರ ತಲೆ ಬೆಳ್ಳಗಾಗಿತ್ತು. ನಿವೃತ್ತರಾದ ಮೇಲೂ ಜನ ಬಿಡಲಿಲ್ಲ. ಎಲ್ಲಿ ಏನು ಗೊತ್ತಾಗದಿದ್ದರೂ ಈ ಮೆಟ್ಟಿಲು ಹತ್ತುತ್ತಿದ್ದರು. ಹೆಂಡತಿಯ ತಮ್ಮನಾದ ಮೈದುನನ ಕೆಲಸ ಸ್ಕೂಟರ್ ಓಡಿಸುವುದು, ಟೀ ಮಾಡುವುದು, ಭಾವ ಕೇಳಿದಾಗ ದಡ್ಡ ಉತ್ತರ ಕೊಡುವುದು.

ಹೆಂಗಸಿನ ಗಂಡ ಮೆಕ್ಯಾನಿಕ್. ಈಗ ಲಾಕಪ್ಪಿನಲ್ಲಿದ್ದ. ಕಲ್ಲುಕ್ವಾರಿಯ ಹಳೇ ಮಿಲಿಟರಿ ಲಾರಿಗೆ ಅವನು ದೊಡ್ಡ ಏರ್ ಹಾರ್ನ್ ಕೂರಿಸಿದ್ದ. ಮರುದಿನವೇ ಲಾರಿ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಂಡೆಗೆ ಗುದ್ದಿ ಡ್ರೈವರ್ ಸತ್ತ. ಹಾರ್ನಿನ ಪೈಪು ಬ್ರೇಕಿನ ಗಾಳಿ ಟ್ಯಾಂಕಿಗೇ ಸೇರಿಕೊಂಡಿದ್ದನ್ನು ಪೊಲೀಸರು ನೋಡಿದ್ದರು. ಆ ಲಾರಿಯ ಬ್ರೇಕ್ ಗಾಳಿಯ ಒತ್ತಡದಿಂದ ಹಿಡಿಯುವಂಥದ್ದು; ಹಾರ್ನ್ ಹೊಡೆದಷ್ಟೂ ಆ ಗಾಳಿ ಖಾಲಿಯಾಗಿತ್ತು.

"ಅವರು ಹಾರ್ನಿಗೆ ಬೇರೆ ಸಣ್ಣ ಟ್ಯಾಂಕ್ ಇಟ್ಟಿದ್ರು. ನಾನೇ ಬ್ಯಾಟರಿ ಹಿಡ್ಕೊಂಡು ಬೆಳಕು ಬಿಟ್ಟಿದ್ದೆ. ಹೆಂಡತಿ ಮಾತು ಸಾಕ್ಷಿ ಆಗಲ್ಲ ಅಂತಾರೆ ಇನ್ಸ್‌ಪೆಕ್ಟರ್. ಜೈಲಾದ್ರೆ ನಮ್ಮ ಶೆಡ್ಡಿಗೆ ಯಾರು ಗಾಡಿ ತರ್ತಾರೆ?"

"ನಿಮ್ಮ ಗಂಡನ ಮೇಲೆ ದೂರು ಕೊಟ್ಟಿದ್ದು ಯಾರಮ್ಮ?"

"ಸತ್ತವನ ಅಣ್ಣ. ಅದೇ ಕ್ವಾರಿಯಲ್ಲಿ ಕಲ್ಲು ಪುಡಿ ಮಾಡೋ ಕ್ರಷರ್ ಓಡಿಸ್ತಾರೆ. ತಪ್ಪು ಮಾಡಿದವನನ್ನ ಬಿಡಬೇಡಿ ಅಂತ ಸ್ಟೇಷನ್ ಬಾಗಿಲಲ್ಲೇ ಕೂತಿದ್ರು."

ಮುಖ ಚಪ್ಪಟೆಯಾದ ಲಾರಿಯನ್ನು ಎಳೆದು ತಂದು ಶೆಡ್ಡಿನ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದ್ದರು. ಕಾವಲಿಗಿದ್ದ ಪೇದೆ ಅದರ ನೆರಳಿನಲ್ಲೇ ನಿದ್ದೆ ಹೊಡೆಯುತ್ತಿದ್ದ. ಭಾವ ಗೋಣಿಚೀಲ ಹಾಸಿಕೊಂಡು ಅಡಿಗೆ ನುಸುಳಿದರು. ಮೈದುನನೂ ನುಸುಳಬೇಕಾಯಿತು.

"ಏನು ಕಾಣ್ತದೆ?"

"ಗ್ರೀಸು."

"ಇನ್ನೂ?"

ಸಣ್ಣ ಟ್ಯಾಂಕ್ ಅಲ್ಲೇ ಇತ್ತು, ಬಾಯಿಗೆ ಮರದ ಬಿರಡೆ ಜಡಿದಿತ್ತು. ಅದರ ಜಾಯಿಂಟುಗಳಿಗೆಲ್ಲ ಬಿಳೀ ಟೇಪು ಸುತ್ತಿತ್ತು. ದೊಡ್ಡ ಟ್ಯಾಂಕಿಗೆ ಹಾರ್ನ್ ಪೈಪು ಸೇರುವ ಕಡೆ ಮಾತ್ರ ಸೆಣಬಿನ ದಾರ ಸುತ್ತಿ ಮೇಲೆ ಕೆಂಪು ಬಣ್ಣ ಬಳಿದಿತ್ತು. ಅಚ್ಚುಕಟ್ಟಾದ ಕೆಲಸ. ಮೈದುನನ ಬೆರಳಿಗೆ ಬಣ್ಣ ಅಂಟಿತು.

ಅಲ್ಲಿಂದ ಕ್ವಾರಿಗೆ ಹೋದರು. ಸೂತಕದ ಕಾರಣ ಕ್ರಷರ್ ನಿಂತಿತ್ತು. ಗೇಟಿಗೆ ಅಡ್ಡವಾಗಿ ದಪ್ಪ ಸರಪಳಿ, ಅದರ ಹಿಂದೆ ನೆಟ್ಟಗೆ ಮೇಲೇರುವ ಇಳಿಜಾರು. ಇವರು ಕೇಳುವ ಮೊದಲೇ ಕ್ವಾರಿ ಮಾಲೀಕ ಗೋಳು ಶುರು ಮಾಡಿದ.

"ಹಳೇ ಹಾರ್ನು ಗಂಟಲು ಕಟ್ಟಿದ ಮೇಕೆ ಥರ ಇತ್ತು ಸ್ವಾಮಿ. ಅದರ ಸದ್ದು ಕೇಳಿ ಡ್ರೈವರಿನ ಅಣ್ಣ ಗೇಟಿನ ಸರಪಳಿ ಇಳಿಸ್ಬೇಕು. ಕೇಳಿಸ್ತಿರಲಿಲ್ಲ, ಲಾರಿ ಬಂದು ನಿಂತ್ಕೋತಿತ್ತು. ದೊಡ್ಡದು ಹಾಕಿಸೋಣ ಅಂದೆ. ಹಾಕಿದ ದಿನವೇ ಇಡೀ ಬೀದಿ ನನ್ನ ಮೇಲೆ ಬಿತ್ತು! ದರ್ಜಿ ಬೆರಳನ್ನೇ ಹೊಲ್ಕೊಂಡನಂತೆ. ಊರೊಳಗೆ ಹೊಡೀಬೇಡಪ್ಪಾ ಅಂತ ಡ್ರೈವರ್‌ಗೆ ಕೈ ಮುಗಿದೆ. ಅವನೇ ಕಿವಿಗೆ ಹತ್ತಿ ತುರುಕ್ಕೊಂಡು ಓಡಿಸ್ತಿದ್ದ."

"ಆವತ್ತು ಹಾರ್ನ್ ಹೊಡೀತಿದ್ನಾ?"

"ಮೇಲಿಂದ ಕೈ ಬಿಡದೆ ಹೊಡ್ಕೊಂಡೇ ಬಂದ. ಕ್ರಷರ್ ಆಫ್ ಆಗಿತ್ತು, ಕಿವಿ ಹರಿದುಹೋಗೋ ಸದ್ದು. ಎಲ್ರೂ ಚೆಲ್ಲಾಪಿಲ್ಲಿ ಓಡಿದ್ವಿ. ಅಣ್ಣ ಒಬ್ಬ ಎಣ್ಣೆ ಡಬ್ಬಿ ಹಿಡ್ಕೊಂಡು ಕಲ್ಲಾಗಿ ನಿಂತುಬಿಟ್ಟ. ಗಾಬರಿಗೆ ಕಾಲೇ ಬರಲಿಲ್ವೇನೋ. ಅವನನ್ನ ತಪ್ಪಿಸೋಕೆ ಹೋಗಿ ತಮ್ಮ ಬಂಡೆಗೆ ಹೊಡೆದ."

"ಅಣ್ಣನ ಮುಖ ಯಾವ ಕಡೆಗಿತ್ತು?"

"ಮೆಷಿನ್ ಕಡೆಗೆ. ಯಾಕೆ?"

ಭಾವ ಆಗಲೇ ಕ್ರಷರಿನ ಕಡೆ ಹೊರಟಿದ್ದರು.

ಕ್ರಷರಿನ ಬುಡದಲ್ಲಿ ಅಣ್ಣ ಕೂತಿದ್ದ. ಹುಬ್ಬಿನ ತನಕ ಕಲ್ಲಿನ ಹುಡಿ. ಧೂಳು ಅಡಗಿಸಲು ನೀರು ಚಿಮ್ಮಿಸುವ ಪೈಪುಗಳು ಅವನ ತಲೆಯ ಮೇಲೆ ಹಾದುಹೋಗಿದ್ದವು. ಸೆಣಬು ಸುತ್ತಿ ಕೆಂಪು ಬಳಿದ ಅವುಗಳ ಜಾಯಿಂಟಿನಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ಅವನು ಭಾವನ ಮುಖವನ್ನೇ ದಿಟ್ಟಿಸಿ ಗಟ್ಟಿ ದನಿಯಲ್ಲಿ ಹೇಳಿದ: "ನಮ್ಮಪ್ಪ ಹೋದ ಮೇಲೆ ಅವನನ್ನ ನಾನೇ ಸಾಕಿದ್ದು. ಯಾರು ಮಾಡಿದ್ರು ಅಂತ ನನಗೆ ಗೊತ್ತಾಗ್ಬೇಕು. ಅಷ್ಟು ಮಾಡಿಕೊಡಿ."

ಭಾವ ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದರು. ಬಗ್ಗಿಕೊಂಡೇ ಕೇಳಿದರು: "ಆವತ್ತು ರಾತ್ರಿ ಲಾರಿ ಎಲ್ಲಿ ನಿಂತಿತ್ತು?"

ಅಣ್ಣ ಸುಮ್ಮನಿದ್ದ. ದುಃಖದಲ್ಲಿರುವವನನ್ನು ಹೀಗೆ ಕೆಣಕಬಾರದು ಎಂದು ಮೈದುನನಿಗೆ ಅನಿಸಿತು. ಭಾವ ತಲೆಯೆತ್ತಿ ಮತ್ತೆ ಕೇಳಿದಾಗ ಅವನು ತಟ್ಟನೆ ಹೇಳಿದ: "ನಮ್ಮ ಅಂಗಳದಲ್ಲಿ."

ವಾಪಸ್ ಬರುವಾಗ, ಮನೆ ಹತ್ತಿರ, ಭಾವ ಸ್ಕೂಟರಿನ ಹಿಂದಿನಿಂದ, "ಈ ಕೆಲಸ ಒಪ್ಕೋಬಾರದಿತ್ತು ಕಣೋ" ಅಂದರು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿದರು. ಇನ್ಸ್‌ಪೆಕ್ಟರ್ ಮೆಕ್ಯಾನಿಕ್ಕನ್ನು ಕರೆತಂದಿದ್ದರು. ಅವನ ಹೆಂಡತಿ ಹಳೇ ಟೈರಿನ ಮೇಲೆ ಕೂತಳು. ಮಾಲೀಕನಿಗೆ ಸ್ಟೂಲು ಸಿಕ್ಕಿತು. ಅಣ್ಣ ಬಾಗಿಲ ಬಳಿ ನಿಂತ, ಪಕ್ಕದಲ್ಲಿ ಮೈದುನ. ಭಾವ ಬೇಕೆಂದೇ ಅಣ್ಣನಿಗೆ ಬೆನ್ನು ಹಾಕಿ, ಉಳಿದವರ ಕಡೆ ತಿರುಗಿದರು.

"ಪೈಪು ಬದಲಾಯಿಸಿದವನು ಬ್ರೇಕ್ ಕೆಡಿಸೋಕೆ ಹೋಗಿಲ್ಲ. ಅಂಥವನು ಇಷ್ಟು ಭದ್ರವಾಗಿ ಜಾಯಿಂಟ್ ಹಾಕ್ತಿರಲಿಲ್ಲ. ಅವನಿಗೆ ಬೇಕಾಗಿದ್ದು ಇನ್ನೂ ಜೋರು ಸದ್ದು, ಅಷ್ಟೇ. ಸಣ್ಣ ಟ್ಯಾಂಕಿನ ಗಾಳಿ ಬೇಗ ಮುಗೀತದೆ, ದೊಡ್ಡದರಲ್ಲಿ ಜಾಸ್ತಿ ಇದೆ ಅಂದ್ಕೊಂಡ. ಅದು ಬ್ರೇಕಿಂದು ಅಂತ ಯೋಚಿಸಲಿಲ್ಲ."

"ಇವನೇ ಯಾಕಾಗಿರಬಾರದು?" ಇನ್ಸ್‌ಪೆಕ್ಟರ್ ಮೆಕ್ಯಾನಿಕ್ಕಿನ ಕಡೆ ಗದ್ದ ತೋರಿಸಿದರು.

"ಶೆಡ್ಡಿನಲ್ಲಿರೋ ಜಾಯಿಂಟೆಲ್ಲ ನೋಡಿ, ಬಿಳೀ ಟೇಪು. ಲಾರಿಯ ಆ ಒಂದು ಜಾಯಿಂಟಿಗೆ ಸೆಣಬು, ಕೆಂಪು ಬಣ್ಣ. ಅದು ಕ್ರಷರಿನ ನೀರಿನ ಪೈಪಿನ ಕೆಲಸ. ಮಾಲೀಕರಿಗೆ ಸದ್ದು ಕಮ್ಮಿ ಆಗ್ಬೇಕಿತ್ತು. ಡ್ರೈವರ್ ಕಿವಿಗೆ ಹತ್ತಿ ಇಟ್ಕೊಂಡಿದ್ದ. ಇಡೀ ಬೀದಿಗೆ ತಲೆ ಚಿಟ್ಟು ಹಿಡಿಸಿದ ಹಾರ್ನು ಇನ್ನೂ ಸಾಲದು ಅಂತ ಯಾರಿಗೆ ಅನಿಸ್ತದೆ?"

ಭಾವ ತಮ್ಮ ಕಿವಿ ಮುಟ್ಟಿ ತೋರಿಸಿದರು.

"ಕಿವಿ ಕೇಳದವನಿಗೆ. ಸರಪಳಿ ಇಳಿಸೋನಿಗೆ ಕಿವಿ ಹೋಗಿದೆ ಅಂತ ಗೊತ್ತಾದ್ರೆ ಕೆಲಸ ಹೋಗ್ತದೆ. ಅದಕ್ಕೇ ಹಾರ್ನೇ ಸರಿಯಿಲ್ಲ ಅಂತ ತನಗೆ ತಾನೇ ಹೇಳ್ಕೊಂಡ. ಲಾರಿ ರಾತ್ರಿ ಅವನ ಅಂಗಳದಲ್ಲೇ ಇತ್ತು. ಮರುದಿನ ಅವನು ಗಾಬರಿಯಿಂದ ಕಲ್ಲಾಗಿ ನಿಂತಿರಲಿಲ್ಲ. ಬೆನ್ನು ಹಾಕಿ ಮೆಷಿನ್ನಿಗೆ ಎಣ್ಣೆ ಬಿಡ್ತಿದ್ದ, ಹಿಂದೆ ಲಾರಿ ಬರೋದು ಗೊತ್ತೇ ಇರಲಿಲ್ಲ. ಪೈಪು ಬದಲಾಯಿಸಿದ್ದು ಸತ್ತವನ ಅಣ್ಣ."

ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಅಣ್ಣನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇವರೆಲ್ಲ ತನ್ನನ್ನು ಯಾಕೆ ನೋಡುತ್ತಿದ್ದಾರೆಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ.

ಮೆಕ್ಯಾನಿಕ್ ನೆಲಕ್ಕೆ ಕುಕ್ಕರಿಸಿದ. "ಇಳಿಜಾರಲ್ಲಿ ಹಾರ್ನ್ ಬಿಡಬೇಡ, ಹಿಡ್ಕೊಂಡೇ ಇಳಿ ಅಂತ ಡ್ರೈವರ್‌ಗೆ ಹೇಳಿದ್ದು ನಾನು. ಬೇರೆ ಟ್ಯಾಂಕ್ ಇದೆಯಲ್ಲ ಅನ್ನೋ ಧೈರ್ಯ." ಹೆಂಡತಿ ಅವನ ಭುಜ ಹಿಡಿದುಕೊಂಡಳು. ಗಂಡ ಬಿಡುಗಡೆಯಾದನೆಂದು ಸಂತೋಷಪಡಲು ಅವಳಿಗೆ ಮನಸ್ಸೇ ಬರಲಿಲ್ಲ.

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಈಗ ಇದನ್ನ ನಾನು ಏನಂತ ಬರೀಲಿ ಸಾರ್?"

ಅಣ್ಣ ಮೈದುನನ ತೋಳು ಹಿಡಿದ. "ಏನಂದ್ರು? ಯಾರಂತೆ?"

ಮೈದುನ ಭಾವನ ಕಡೆ ನೋಡಿದ. ಭಾವ ನೆಲ ನೋಡುತ್ತಿದ್ದರು. ಮಾಲೀಕ ಆಗಲೇ ಹೊರಗೆ ಹೋಗಿದ್ದ. ಬೇರೆ ದಾರಿ ಇರಲಿಲ್ಲ. ತನ್ನ ತುಟಿಯ ಮೇಲೆ ಬೆಳಕು ಬೀಳುವಂತೆ ಮೈದುನ ಅಣ್ಣನ ಎದುರು ಬಂದು ನಿಂತ. ಎಲ್ಲಿಂದ ಶುರು ಮಾಡಬೇಕೆಂದು ತೋಚದೆ, ಒಂದೊಂದೇ ಪದ ಬಿಡಿಸಿ ಹೇಳಿದ:

"ಆವತ್ತು ಹಾರ್ನ್ ಹೊಡೀತಾ ಇತ್ತು ಅಣ್ಣಾ. ಮೇಲಿಂದಲೂ."

ಅಣ್ಣ ಇಲ್ಲವೆಂದು ತಲೆಯಾಡಿಸಿದ. ತಿಳಿಯದವನಿಗೆ ತಿಳಿಹೇಳುವವನಂತೆ, ಮೆತ್ತಗೆ ಮಾತಾಡುತ್ತಿದ್ದೇನೆಂದುಕೊಂಡು, ಇಡೀ ಶೆಡ್ಡು ಗುಂಯ್‌ಗುಡುವಂತೆ ಹೇಳಿದ:

"ಇಲ್ಲಪ್ಪಾ. ಹೊಡೆದಿದ್ರೆ ನಾನು ಪಕ್ಕಕ್ಕೆ ಸರೀತಿರಲಿಲ್ವಾ?"