ಉಪವಾಸ ಕೆಟ್ಟ ತಟ್ಟೆಗಳು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಲ್ಯಾಬಿನಲ್ಲಿ ಮೇಡಂ ಆ ಪ್ರಶ್ನೆ ಕೇಳಿದೊಡನೆ ಹೊಸ ಹುಡುಗಿಯ ಕೈ ತಾನಾಗಿ ಕೋಟಿನ ಜೇಬೊಳಗೆ ಅಡಗಿತು.

"ಈ ಜೀವಕೋಶಗಳನ್ನ ಉಪವಾಸ ಇಟ್ಟಿದ್ದು ಯಾರು?"

"ನಾನೇ ಮೇಡಂ," ಎಂದ ಸೀನಿಯರ್.

"ಎಲ್ಲಿ ಇಟ್ಟೆ? ಪರೀಕ್ಷೆಯ ಫಿಲ್ಮ್ ನೋಡಿದ್ರೆ ಎಲ್ಲಾ ಹೊಟ್ಟೆ ತುಂಬಾ ಉಂಡು ಕೂತಿವೆ. ನಾಳೆಯಿಂದ ಈ ಕೆಲಸ ಬೇರೆಯವರಿಗೆ."

ಆಗಲೇ ಅವಳು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಲ್ಯಾಬ್ ಸೇರಿದ ಹೊಸದರಲ್ಲಿ ಅವನೇ ಹೇಳಿಕೊಟ್ಟಿದ್ದ: ಬೆಳೆಯಬೇಕೆಂಬ ಸುದ್ದಿ ಹೊತ್ತು ಬರುವ ಗ್ರೋತ್ ಫ್ಯಾಕ್ಟರ್ ಕೋಶದ ಬಾಗಿಲು ತಟ್ಟುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಒಳಗೆ ಅಡಾಪ್ಟರ್ ಪ್ರೋಟೀನ್ ಎಂಬುದೊಂದಿದೆ. ಹೇಳಿಕೊಳ್ಳುವಂಥ ಕಸುಬೇನೂ ಅದಕ್ಕಿಲ್ಲ. ಒಂದು ಕೈಯಲ್ಲಿ ಬಾಗಿಲು ಹಿಡಿಯುತ್ತದೆ, ಇನ್ನೊಂದರಲ್ಲಿ ಸುದ್ದಿಯನ್ನು ಮುಂದೊಯ್ಯುವವರನ್ನು ಎಳೆದು ತರುತ್ತದೆ. "ಹೀಗೆ," ಎಂದು ಒಂದು ಕೈ ಬಾಗಿಲ ಹಿಡಿಗೂ ಇನ್ನೊಂದು ಅವಳ ಕೋಟಿನ ತೋಳಿಗೂ ಇಟ್ಟು ತೋರಿಸಿದ್ದ. ತೋಳು ಬಿಡಲು ಒಂದು ಕ್ಷಣ ತಡಮಾಡಿದ್ದ. ಆ ಕೋಟನ್ನು ಅವಳು ವಾರವಿಡೀ ಒಗೆಯಲಿಲ್ಲ.

ಆ ಪ್ರೋಟೀನಿನ ಒಂದು ಕೈ ಕತ್ತರಿಸಿದರೆ ಸುದ್ದಿ ನಿಲ್ಲುತ್ತದೆಯೇ ಎಂದು ನೋಡುವುದೇ ಅವನ ಕೆಲಸ. ಅದಕ್ಕೆ ಮೊದಲು ಕೋಶಗಳು ಒಂದು ದಿನ ಉಪವಾಸವಿರಬೇಕು. ಅವುಗಳ ಊಟದಲ್ಲೇ ಆ ಬೆಳೆಯುವ ಸುದ್ದಿ ಬೆರೆತಿರುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲ. ಶುಕ್ರವಾರ ಅವನು ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ ಅವನ ತಟ್ಟೆಗಳಲ್ಲಿ ಕೋಶಗಳು ಸೊರಗಿದ್ದು ಕಂಡು, ಮರೆತಿದ್ದಾನೆಂದುಕೊಂಡು ಊಟ ಹಾಕಿದ್ದಳು. ಅವನ ಎಲೆಗೇ ಬಡಿಸಿದಷ್ಟು ಅಕ್ಕರೆಯಿಂದ.

ಗಾಜು ತೊಳೆಯುವ ಅಕ್ಕ ಸಿಂಕಿನ ಬಳಿ ಅವಳನ್ನು ಹಿಡಿದಳು. "ಏನೇ, ಮುಖ ಬಾಡಿದ ಬದನೆಕಾಯಿ ಆಗಿದೆ?"

ಅವಳು ಎಲ್ಲವನ್ನೂ ಹೇಳಿದಳು.

"ಅಯ್ಯೋ, ಇಷ್ಟೇನಾ! ನಾನೇ ಅವನ ಕಿವಿಗೆ ಹಾಕ್ತೀನಿ ಬಿಡು."

ಹೂಂ ಎನ್ನುವುದು ಎಷ್ಟು ಸುಲಭವಿತ್ತು! ದೇವರು ಕೋಶದ ಸುದ್ದಿಗೆ ಒಳಗೆ ಹೋಗಲು ಕಾಲು ಕೊಡಲಿಲ್ಲ, ನನಗೆ ಕೊಟ್ಟಿದ್ದಾನಲ್ಲ ಎಂದುಕೊಂಡಳು.

"ಬೇಡ ಅಕ್ಕ. ನಾನೇ ಹೋಗ್ತೀನಿ."

ಅವನು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ನಿಮ್ಮ ಪ್ಲೇಟ್‌ಗಳಿಗೆ ಊಟ ಹಾಕಿದ್ದು ನಾನು," ಎಂದಳು ನೆಲ ನೋಡುತ್ತ.

ಪೇರಿಸುವ ಸದ್ದು ನಿಂತಿತು. "ಯಾಕೆ?"

"ಸೊರಗಿದ್ವು. ನಿಮ್ಮವು ಅಂತ..." ಕಿವಿ ಸುಡುತ್ತಿತ್ತು.

"ಮೂರು ವಾರದ ಕೆಲಸ, ಪುಣ್ಯಾತ್ಗಿತ್ತಿ."

"ಗೊತ್ತು."

"ಮೇಡಂ ಬೈವಾಗ ನೀನು ಪಕ್ಕದಲ್ಲೇ ನಿಂತಿದ್ದೆ."

"ಅದಕ್ಕೇ ನಾಚಿಕೆ. ಊಟ ಹಾಕಿದ್ದಕ್ಕಲ್ಲ."

ಅವಳು ಮೇಡಂ ಕೋಣೆಯತ್ತ ನಡೆದಳು. ಬಾಗಿಲ ಮುಂದೆ ಕೈ ಎತ್ತಿದಳು. ಅದು ಗಾಳಿಯಲ್ಲೇ ಉಳಿಯಿತು.

ಹಿಂದೆ ಹೆಜ್ಜೆ ಸದ್ದಾಯಿತು.

"ಮಾತು ನೀನೇ ಆಡ್ಬೇಕು," ಎಂದ. "ನಾನು ಸುಮ್ನೆ ನಿಂತಿರ್ತೀನಿ."

ಒಂದು ಕೈಯಲ್ಲಿ ಅವಳ ಕೋಟಿನ ತೋಳು ಹಿಡಿದು, ಇನ್ನೊಂದರಲ್ಲಿ ಬಾಗಿಲು ತಟ್ಟಿದ.

ಅವಳು ತಲೆ ಎತ್ತಲಿಲ್ಲ. ತೋಳನ್ನೂ ಬಿಡಿಸಿಕೊಳ್ಳಲಿಲ್ಲ.