ಮೂರು ಮಿಲಿಮೀಟರ್ ಸುಳ್ಳು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕುಮಾರೇಶ್ ಹೊಸೂರು ಬಳಿಯ ಬಾಗಲೂರಿನ ಚಂದ್ರಲೇಖಾಳ ಮನೆಯ ಜಗಲಿ ಹತ್ತಿದ. ಕೈಯಲ್ಲಿ ಹೂವಿರಲಿಲ್ಲ, ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ಇತ್ತು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಯಂತ್ರದ ಶಾಫ್ಟ್‌ಗಳ ಅಳತೆ ಪರೀಕ್ಷಿಸುವುದು ಅವನ ಕೆಲಸ. ಈ ಜಗಲಿಯ ಮೇಲೆ ಮಾತ್ರ ಅವನು ಬೆಕ್ಕಿನ ಬೆನ್ನಿನ ಗಂಟನ್ನು ಅಳೆಯುತ್ತಿದ್ದ.

"ನಮ್ಮನೆ ಗಡಿಯಾರ ನಿನ್ನ ನೋಡ್ಕಂಡೇ ಓಡ್ತದೆ ಕಣೋ," ಎನ್ನುತ್ತ ಚಂದ್ರಲೇಖಾ ರಾಗಿಯನ್ನು ಮಡಿಲಿಗೆ ಎಳೆದುಕೊಂಡಳು. ರಾಗಿ ಅವಳ ಕಂದುಬಣ್ಣದ ಬೆಕ್ಕು.

ಏಳು ವಾರಗಳ ಹಿಂದೆ ರಾಗಿಯ ಭುಜಗಳ ನಡುವೆ ಲಸಿಕೆ ಚುಚ್ಚಿದ್ದರು. ಚುಚ್ಚಿದಲ್ಲೇ ಒಂದು ಗಂಟು ಎದ್ದಿತ್ತು. ಹೊಸೂರಿನ ಪಶುವೈದ್ಯ ನರೇಶ್ ಎಚ್ಚರಿಸಿದ್ದರು: ಇಂಥವು ಸಾಮಾನ್ಯವಾಗಿ ತಾವಾಗಿಯೇ ಕರಗುತ್ತವೆ, ಆದರೆ ಮೂರು ತಿಂಗಳಾದರೂ ಉಳಿದರೆ, ಎರಡು ಸೆಂಟಿಮೀಟರ್ ಮೀರಿದರೆ, ತಿಂಗಳು ಕಳೆದ ಮೇಲೂ ಬೆಳೆಯುತ್ತಿದ್ದರೆ, ಮೂರರಲ್ಲಿ ಒಂದು ಕಂಡರೂ ತಡಮಾಡದೆ ಬನ್ನಿ, ಕ್ಯಾನ್ಸರ್ ಇರಬಹುದು.

ಕುಮಾರೇಶ್ ಬಾಗಿದ. ಅವಳ ಬಳೆಗಳು ಅವನ ಮಣಿಕಟ್ಟಿಗೆ ತಾಗಿದವು. ಕಳೆದ ವಾರ 17.4 ಮಿಲಿಮೀಟರ್ ಇತ್ತು. ಇಂದು 20.6. ಅವನು ಎರಡು ಸಲ ನೋಡಿದ.

ಅಷ್ಟರಲ್ಲಿ ಅವಳ ಫೋನು ಮೊಳಗಿತು. ನರೇಶ್ ಡಾಕ್ಟರು. ಕುಮಾರೇಶನೊಂದಿಗೆ ಕನ್ನಡದಲ್ಲಿ ಜಗಳವಾಡುವ ಚಂದ್ರಲೇಖಾ ಡಾಕ್ಟರೊಂದಿಗೆ ತಮಿಳಿನಲ್ಲಿ ನಗುತ್ತಿದ್ದಳು. ಆ ನಗೆಯ ಉದ್ದವನ್ನು ಅಳೆಯುವ ಉಪಕರಣ ಅವನ ಬಳಿ ಇರಲಿಲ್ಲ. ಅವನು ಕ್ಯಾಲಿಪರ್‌ನ ಸ್ಕ್ರೂ ಬಿಗಿಮಾಡಿದ.

"ಎಷ್ಟು ಬಂತು? ಜಾಸ್ತಿ ಆಗಿದ್ರೆ ನಾಳೇನೇ ಬಾ ಅಂತಾವ್ರೆ ಡಾಕ್ಟ್ರು."

ನಾಳೆಯೇ! ಹೋದ ಸಲ ಅಲ್ಲಿಗೆ ಹೋಗುವಾಗ ಅವಳು ಕನಕಾಂಬರ ಮುಡಿದಿದ್ದಳು.

"ಹದಿನೇಳು ಪಾಯಿಂಟ್ ನಾಲ್ಕು," ಎಂದ ಕುಮಾರೇಶ್. "ಹೋದ್ವಾರದಷ್ಟೇ."

ಅವಳು ನೆಮ್ಮದಿಯಿಂದ ಉಸಿರುಬಿಟ್ಟಳು. ಅವನು ಸ್ಕ್ರೂ ಸಡಿಲಿಸಿ, ಕ್ಯಾಲಿಪರನ್ನು ಸೊನ್ನೆಗೆ ತಂದು ಜೇಬಿಗಿಟ್ಟ.

ಮರುದಿನ ಫಸ್ಟ್ ಶಿಫ್ಟಿನಲ್ಲಿ ಮೆಷಿನ್ ನಡೆಸುವ ಬಾಲಾಜಿ ಶಾಫ್ಟೊಂದನ್ನು ತಂದ. "ಅಣ್ಣ, ಒಂದ್ ಕೂದ್ಲಷ್ಟು ಜಾಸ್ತಿ. ಬಿಟ್ಬುಡಣ್ಣ."

"ಇದ್ದಿದ್ದನ್ನ ಇದ್ದಂಗೆ ಬರೀಬೇಕು ಕಣ್ಲಾ! ಸುಳ್ಳು ಅಳತೆ ಯಾರ ಕುತ್ತಿಗೆಗೆ ಬತ್ತದೋ ಯಾರಿಗೆ ಗೊತ್ತು?"

ಬೈಯುತ್ತಿದ್ದಂತೆಯೇ ರಾಗಿಯ ಕುತ್ತಿಗೆ ಕಣ್ಣ ಮುಂದೆ ಬಂತು.

ಶಿಫ್ಟ್ ಮುಗಿದದ್ದೇ ತಡ, ಅವನು ನೇರವಾಗಿ ಬಾಗಲೂರಿಗೆ ಹೋದ.

"ನಿನ್ನೆ ಇಪ್ಪತ್ತು ಪಾಯಿಂಟ್ ಆರು ಇತ್ತು ಚಂದ್ರಾ. ಸುಳ್ಳೇಳ್ಬುಟ್ಟೆ."

ಅವಳು ರಾಗಿಯ ಬೆನ್ನು ಮುಟ್ಟಿ ನೋಡಿದಳು. "ಯಾಕೋ?"

"ನೀನು ಆ ಡಾಕ್ಟ್ರ ಹತ್ರ ನಗ್ತೀಯ. ನನ್ನ ಹತ್ರ ಹಂಗೆ ನಗಲ್ಲ. ಹೊಟ್ಟೆ ಉರೀತು. ನೀನಂದ್ರೆ ನಂಗೆ... ಅದನ್ನ ಹೇಳೋ ಧೈರ್ಯ ಇರ್ಲಿಲ್ಲ, ಇದನ್ನ ಹೇಳ್ದೆ."

"ಬೆಕ್ಕು ಸತ್ತೋಗಿದ್ರೆ?"

ಅವಳು ಕಣ್ಣೊರೆಸಿಕೊಂಡು ರಾಗಿಯನ್ನು ಬುಟ್ಟಿಯಲ್ಲಿಟ್ಟಳು. "ಗಾಡಿ ತೆಗಿ. ನಿನ್ನ ವಿಚಾರ ಆಮ್ಯಾಕೆ."

ನರೇಶ್ ಗಂಟಿನಿಂದ ಚೂರೊಂದನ್ನು ತೆಗೆದು ಲ್ಯಾಬಿಗೆ ಕಳುಹಿಸಿದರು. ವಾರದ ನಂತರ ವರದಿ ಬಂತು: ಕ್ಯಾನ್ಸರ್. ಗಂಟನ್ನಷ್ಟೇ ಕಿತ್ತರೆ ಬೇರು ಉಳಿಯುತ್ತದೆ. ಸುತ್ತಲಿನ ಒಳ್ಳೆಯ ಮಾಂಸವನ್ನೂ ಅಗಲವಾಗಿ, ಆಳವಾಗಿ, ಒಂದೇ ಸಲಕ್ಕೆ ತೆಗೆಯಬೇಕು ಎಂದರು. ಶಸ್ತ್ರಚಿಕಿತ್ಸೆ ನಡೆದ ಎರಡೂವರೆ ಗಂಟೆ ಚಂದ್ರಲೇಖಾ ಬೆಂಚಿನ ಒಂದು ತುದಿಯಲ್ಲಿ, ಕುಮಾರೇಶ್ ಇನ್ನೊಂದು ತುದಿಯಲ್ಲಿ. ನಡುವಿನ ಅಂತರವನ್ನು ಅವನು ಅಳೆಯಲಿಲ್ಲ. ಅಳೆಯುವ ಮುಖವೂ ಇರಲಿಲ್ಲ.

ಹೊಲಿಗೆ ಬಿಚ್ಚುವ ದಿನ ಎರಡನೆಯ ವರದಿಯೂ ಬಂದಿತ್ತು. ಕತ್ತರಿಸಿದ ಅಂಚಿನಲ್ಲೆಲ್ಲೂ ಕ್ಯಾನ್ಸರ್ ಇಲ್ಲ.

"ಬೇಗ ತಂದ್ರಿ, ಒಳ್ಳೇದಾಯ್ತು. ಆದ್ರೂ ಮೂರು ತಿಂಗಳಿಗೊಮ್ಮೆ ತೋರಿಸಿ. ಇನ್ಮೇಲೆ ಲಸಿಕೆ ಕಾಲಿನ ಕೆಳಭಾಗಕ್ಕೆ ಮಾತ್ರ," ಎಂದ ನರೇಶ್ ಕುಮಾರೇಶನ ಜೇಬಿನಿಂದ ಇಣುಕುತ್ತಿದ್ದ ಕ್ಯಾಲಿಪರ್ ನೋಡಿ ನಕ್ಕರು. "ಇದ್ಯಾಕಮ್ಮಾ ವರ್ನಿಯರ್? ಸ್ಕೂಲ್ ಸ್ಕೇಲೇ ಸಾಕು ಅಂತ ಅವತ್ತೇ ಹೇಳಿದ್ನಲ್ಲ?"

ಚಂದ್ರಲೇಖಾಳ ಕಿವಿ ಕೆಂಪಾಯಿತು.

ಹೊರಗೆ ಮೆಟ್ಟಿಲ ಮೇಲೆ ಕುಮಾರೇಶ್ ನಿಂತ. "ಸ್ಕೇಲ್ ಸಾಕಿತ್ತಾ?"

ಅವಳು ಬುಟ್ಟಿಯೊಳಗಿನ ರಾಗಿಯನ್ನೇ ನೋಡುತ್ತ ಹೇಳಿದಳು: "ಸ್ಕೇಲು ತಾನಾಗೇ ನಡ್ಕಂಡು ಬತ್ತದೇನೋ, ಭಾನ್ವಾರ ಹತ್ತು ಗಂಟೆಗೆ ನಮ್ಮನೆ ಜಗ್ಲಿಗೆ?"

ಅವನು ಬುಟ್ಟಿಯನ್ನು ತನ್ನ ಕೈಗೆ ತೆಗೆದುಕೊಂಡು ಕೇಳಿದ: "ಈ ಭಾನ್ವಾರ ಬರ್ಲಾ?"

"ಅಳೆಯಕ್ಕೆ ಏನೂ ಉಳ್ದಿಲ್ಲ," ಎಂದಳು ಚಂದ್ರಲೇಖಾ. ಕಣ್ಣೆತ್ತಿ ನೋಡಿ ನಕ್ಕಳು. ತಮಿಳಿನಲ್ಲಿ ನಕ್ಕದ್ದಕ್ಕಿಂತ ತುಸು ಉದ್ದವಾಗಿಯೇ. "ಬರಿಗೈಲಿ ಬಾ. ನಮ್ಮಮ್ಮನ ಹತ್ರ ಮಾತಾಡು."